ಕೇಳುಗರ ವಯಸ್ಸು



ರಾಗ, ಬಾನಿ, ಘರಾಣೆ, ವಾಗ್ಗೇಯಕಾರರ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಈ ಸಭಾಂಗಣದಲ್ಲೇ ಹಲವರಿದ್ದೀರಿ. ಹಾಗಾಗಿ ವೇದಿಕೆಯ ಮೇಲಿನವರನ್ನು ನಿಮಗೇ ಬಿಟ್ಟು, ವೇದಿಕೆಯ ಎದುರು ಕೂತವರ ಬಗ್ಗೆ ಮಾತಾಡುತ್ತೇನೆಂದು ಸಂಘಟಕರಲ್ಲಿ ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು. ಯಾವ ವಯಸ್ಸಿನವರು ಯಾವ ಸಂಗೀತಕ್ಕೆ ಬರುತ್ತಾರೆ, ಯಾವುದಕ್ಕೆ ಬರುವುದಿಲ್ಲ, ಏಕೆ? ಇದೇ ಇವತ್ತಿನ ವಿಷಯ.

ಶಾಸ್ತ್ರೀಯ ಸಂಗೀತದ ಯಾವ ಸಭೆಗೆ ಹೋದರೂ ಸ್ವಾಗತ ಭಾಷಣದಲ್ಲೋ ವಂದನಾರ್ಪಣೆಯಲ್ಲೋ ಒಂದು ಮಾತು ಕಿವಿಗೆ ಬೀಳುತ್ತದೆ: ಯುವಕರು ಬರುತ್ತಿಲ್ಲ. ಹೇಳುವವರಿಗೆ ನಿಜವಾದ ಸಂಕಟವಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತಿನೊಳಗೆ ಒಂದು ತೀರ್ಪು ಅಡಗಿದೆ. ಬಾರದಿರುವುದಕ್ಕೆ ಅಭಿರುಚಿಯ ಕೊರತೆಯೇ ಕಾರಣ, ತಪ್ಪು ಬಾರದವರದು ಎಂಬ ತೀರ್ಪು ಅದು. ಅದನ್ನು ನಾನು ಒಪ್ಪುವುದಿಲ್ಲ. ಸಭಾಂಗಣದಲ್ಲಿ ಕೂತವರ ವಯಸ್ಸನ್ನು ಬಹುಪಾಲು ನಿರ್ಧರಿಸುವುದು ಕಾರ್ಯಕ್ರಮದ ಹೊತ್ತು, ಜಾಗ, ದರ, ಮನೆಗೆ ಮರಳುವ ದಾರಿ. ಇವೆಲ್ಲ ಸಂಘಟಕರ ಕೈಯಲ್ಲಿರುವ ಸಂಗತಿಗಳು. ಅಭಿರುಚಿಗೂ ಪಾತ್ರವಿದೆ, ಮೊದಲು ಅದನ್ನೇ ನೋಡೋಣ.

ಅಮೆರಿಕದ ಸರ್ಕಾರಿ ಕಲಾ ಸಂಸ್ಥೆಯಾದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ 1982ರಿಂದ ಒಂದು ಸಮೀಕ್ಷೆ ನಡೆಸಿಕೊಂಡು ಬಂದಿದೆ. ಕಳೆದ ವರ್ಷ ನೀವು ಯಾವ ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದಿರಿ ಎಂದು 18 ದಾಟಿದವರನ್ನು ಕೇಳುತ್ತದೆ. 1982ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಹೋದವರ ನಡುವಯಸ್ಸು 40 ಇತ್ತು. ನಡುವಯಸ್ಸು ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಕಿರಿಯರು, ಉಳಿದರ್ಧ ಹಿರಿಯರು. 2008ರ ಹೊತ್ತಿಗೆ ಅದು 49 ಆಯಿತು. ಜಾಜ್ ಕೇಳುಗರದು 1982ರಲ್ಲಿ 29, 2008ರಲ್ಲಿ 46. ಇದೇ 26 ವರ್ಷಗಳಲ್ಲಿ ಆ ದೇಶದ ವಯಸ್ಕರ ಒಟ್ಟಾರೆ ನಡುವಯಸ್ಸು 39ರಿಂದ 45ಕ್ಕೆ ಏರಿತ್ತು.

ಜಾಜ್‌ನ ಅಂಕಿಯ ಮುಂದೆ ಸ್ವಲ್ಪ ನಿಲ್ಲೋಣ. ಶಾಸ್ತ್ರೀಯ ಸಂಗೀತದವರಿಗೆ ವಯಸ್ಸಾಗುತ್ತಿದೆ ಎಂದರೆ ಯಾರಿಗೂ ಅಚ್ಚರಿಯಿಲ್ಲ. ಆದರೆ ಜಾಜ್ 1982ರಲ್ಲಿ ಹರೆಯದವರ ಸಂಗೀತವಾಗಿತ್ತು, ಅದರ ಕೇಳುಗರಲ್ಲಿ ಅರ್ಧದಷ್ಟು ಜನ ಮೂವತ್ತರ ಕೆಳಗಿದ್ದರು. 26 ವರ್ಷಗಳಲ್ಲಿ ಅವರ ನಡುವಯಸ್ಸು 17 ವರ್ಷ ಏರಿತು. ಅಂದರೆ ಅಂದಿನ ಆ ಕೇಳುಗರೇ ಬಹುಮಟ್ಟಿಗೆ ಮುಂದೆಯೂ ಬರುತ್ತಿದ್ದರು, ಅವರ ಹಿಂದೆ ಸಾಕಷ್ಟು ಹೊಸಬರು ಬರಲಿಲ್ಲ. ಬಾರು, ಕ್ಲಬ್ಬುಗಳಲ್ಲಿ ಬೆಳೆದ ಸಂಗೀತ ವಿಶ್ವವಿದ್ಯಾಲಯಗಳಿಗೂ ದೊಡ್ಡ ಸಭಾಂಗಣಗಳಿಗೂ ಬಂದು ಗೌರವ ಪಡೆದ ಕಾಲವೂ ಅದೇ. ಗೌರವದ ಜೊತೆಗೇ ಟಿಕೆಟ್ಟಿನ ದರ ಏರಿತು, ಮಾತಾಡದೆ ಕೂರುವ ಶಿಸ್ತು ಬಂತು. ಹೊಸಬರು ಬಾರದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ಪ್ರತಿ ತಲೆಮಾರೂ ತನ್ನ ಹರೆಯದ ಹಾಡನ್ನು ಜೊತೆಯಲ್ಲೇ ಒಯ್ಯುತ್ತದೆ. ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಇಬ್ಬರು ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಅತಿ ಹೆಚ್ಚು ಇಷ್ಟಪಡುವ ಜನಪ್ರಿಯ ಹಾಡುಗಳು ಅವರಿಗೆ ಸುಮಾರು 23–24 ವರ್ಷವಾಗಿದ್ದಾಗ ಬಂದ ಹಾಡುಗಳು. ಕನ್ನಡದಲ್ಲಿ ಇದಕ್ಕೆ ಸುಗಮ ಸಂಗೀತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಮುಂದೆ ಕ್ಯಾಸೆಟ್ಟು ಮನೆಮನೆಗೆ ಹೋಯಿತು. ಗಾಯಕ ಸಿ. ಅಶ್ವಥ್ ಶಿಶುನಾಳ ಶರೀಫರ ಪದಗಳನ್ನು ಬಸ್ಸು, ಹೋಟೆಲು, ಕಾಲೇಜು ಹಾಸ್ಟೆಲುಗಳವರೆಗೆ ಮುಟ್ಟಿಸಿದರು. ಅಂದು ಇಪ್ಪತ್ತರ ಆಸುಪಾಸಿನಲ್ಲಿದ್ದವರು ಈಗ 65 ದಾಟಿದ್ದಾರೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಮೈದಾನ ತುಂಬಿತು. ಭಾವಗೀತೆಗೆ ಅಷ್ಟು ಜನ ಸೇರುತ್ತಾರೆಂದು ಅದಕ್ಕೆ ಮುಂಚೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಅಂದು ತುಂಬಿದವರಲ್ಲಿ ಬಹಳಷ್ಟು ಜನ ಕ್ಯಾಸೆಟ್ಟಿನ ಮಕ್ಕಳು. ಮಧ್ಯವಯಸ್ಸಿಗೆ ಬಂದಿದ್ದರು, ಕೆಲವರು ತಮ್ಮ ಮಕ್ಕಳನ್ನೂ ಕರೆತಂದಿದ್ದರು. ಇವತ್ತು ಒಂದು ಸುಗಮ ಸಂಗೀತದ ಸಂಜೆಗೆ ಹೋಗಿ ನೋಡಿದರೆ ಅದೇ ತಲೆಮಾರು ಇನ್ನಷ್ಟು ನರೆತು ಕೂತಿರುತ್ತದೆ.

ಹರೆಯದವರದ್ದೇ ಎಂದು ನಾವು ಭಾವಿಸುವ ರಾಕ್ ಸಂಗೀತಕ್ಕೂ ಈ ಮಾತು ಸಲ್ಲುತ್ತದೆ. ಬೆಂಗಳೂರಿಗೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ. ಕಪ್ಪು ಅಂಗಿ ತೊಟ್ಟು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಒಳಗೂ ನಿಂತೇ ಕೇಳಿದ ಆ ಕಾಲೇಜು ಹುಡುಗರು ಈಗ ನಲವತ್ತರ ಅಂಚಿಗೆ ಬಂದಿದ್ದಾರೆ, ಹಲವರು ದಾಟಿದ್ದಾರೆ. ಅವರಿಗೆ ಆ ಸಂಗೀತದ ಮೇಲಿನ ಪ್ರೀತಿ ಹೋಗಿಲ್ಲ. ನಾಲ್ಕು ಗಂಟೆ ನಿಲ್ಲುವ ಮಂಡಿ ಮಾತ್ರ ಹೋಗಿದೆ.

ಈಗ ಕರ್ನಾಟಕ ಸಂಗೀತಕ್ಕೆ ಬರುತ್ತೇನೆ. ಇಲ್ಲಿ ನನಗೆ ಹೇಳುವುದು ಹೆಚ್ಚಿದೆ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಹುಟ್ಟಿತು. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಅದು ನಡೆಸುವ ರಾಮನವಮಿ ಸಂಗೀತೋತ್ಸವಕ್ಕೆ ದಕ್ಷಿಣ ಭಾರತದ ದೊಡ್ಡ ಗಾಯಕ-ವಾದಕರೆಲ್ಲ ಬಂದಿದ್ದಾರೆ. ಟಿಕೆಟ್ಟು ಕೊಳ್ಳಲಾಗದವರು ಹೊರಗೆ ರಸ್ತೆಯಲ್ಲಿ ಕೂತು, ನಿಂತು ಕೇಳಿದ್ದಾರೆ. ಹಾಗೆ ಕೇಳಿಯೇ ಸಂಗೀತ ಹತ್ತಿಸಿಕೊಂಡವರನ್ನು ನಾನು ಬಲ್ಲೆ. ರಾಜ್ಯದಲ್ಲಿ ರಾಮನವಮಿ ನೆಪದಲ್ಲಿ ನಡೆಯುವ ಸಂಗೀತಕ್ಕೆ ಲೆಕ್ಕವಿಲ್ಲ. ನಮ್ಮ ಊರೂರುಗಳಿಗೆ ಸಂಗೀತದ ಋತು ಎಂದರೆ ಅದೇ.

ಆದರೆ ರಾಮನವಮಿ ಬರುವುದು ಚೈತ್ರದಲ್ಲಿ. ನಮ್ಮ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ನಡೆಯುವುದು ಮಾರ್ಚ್, ಏಪ್ರಿಲ್‌ನಲ್ಲಿ. ಅವು ಮುಗಿಯುವಷ್ಟರಲ್ಲಿ ಸಿಇಟಿ. ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೋ ಪಿಯುಸಿ ಹುಡುಗನೋ ಇದ್ದರೆ ಆ ಎರಡು ತಿಂಗಳು ಟಿವಿ ಕೂಡ ಹಾಕುವುದಿಲ್ಲ, ಇನ್ನು ಇಡೀ ಕುಟುಂಬ ಚಪ್ಪರಕ್ಕೆ ಬರುವ ಮಾತೆಲ್ಲಿ? ನಮ್ಮ ಅತಿ ದೊಡ್ಡ ಸಂಗೀತೋತ್ಸವಗಳನ್ನು ವಿದ್ಯಾರ್ಥಿಗಳು ಬರಲಾಗದ ತಿಂಗಳಲ್ಲೇ ನಡೆಸುತ್ತೇವೆ, ಆಮೇಲೆ ವಿದ್ಯಾರ್ಥಿಗಳು ಬರಲಿಲ್ಲವೆಂದು ನೊಂದುಕೊಳ್ಳುತ್ತೇವೆ. ರಾಮನವಮಿಯನ್ನು ಪಂಚಾಂಗದಿಂದ ಕದಲಿಸಲಾಗುವುದಿಲ್ಲ, ಅದು ನನಗೆ ಗೊತ್ತು. ಆದರೂ ಭಾದ್ರಪದದ ಗಣೇಶೋತ್ಸವವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಅಡ್ಡರಸ್ತೆಯಲ್ಲಿ ದಶಕಗಳಿಂದ ಗಣಪತಿಯ ಮುಂದೆ ಬೀದಿಯಲ್ಲೇ ಕಛೇರಿಗಳು ನಡೆಯುತ್ತಿವೆ. ನಾಡಿನ ಹೆಸರಾಂತ ವಿದ್ವಾಂಸರೇ ಬಂದು ಹಾಡುತ್ತಾರೆ. ಟಿಕೆಟ್ಟಿಲ್ಲ. ಕುರ್ಚಿಯಲ್ಲಿ ಹಿರಿಯರು, ಬದಿಯಲ್ಲಿ ಸೈಕಲ್ಲು, ಸ್ಕೂಟರಿನ ಮೇಲೆ ಒರಗಿದ ಹುಡುಗರು, ಆಡುತ್ತಾ ಬಂದು ಸ್ವಲ್ಪ ಕೂತು ಮತ್ತೆ ಓಡುವ ಮಕ್ಕಳು. ವರ್ಣ ಮುಗಿಯುವವರೆಗೆ ಇದ್ದು ಎದ್ದು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಹಾಡು ಅದೇ, ಹಾಡುವವರು ಅವರೇ. ಎದುರಿಗೆ ಕೂತವರ ವಯಸ್ಸು ಮಾತ್ರ ಬೇರೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಸಂಗೀತ ಕಲಿಯುವ ಮಕ್ಕಳಿಗೆ ನಮ್ಮಲ್ಲಿ ಬರವಿಲ್ಲ. ಜ್ಯೂನಿಯರ್, ಸೀನಿಯರ್ ಪರೀಕ್ಷೆಗೆ ಪ್ರತಿ ವರ್ಷ ಊರೂರುಗಳಿಂದ ಮಕ್ಕಳು ಕೂರುತ್ತಾರೆ. ಬೇಸಿಗೆಯ ಸ್ಪರ್ಧೆಗಳಲ್ಲಿ ಹತ್ತು ವರ್ಷದ ಮಗು ಕಲ್ಪನಾಸ್ವರ ಹಾಕುವುದನ್ನು ಕೇಳಿದರೆ ಬೆರಗಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆಯುವ ತ್ಯಾಗರಾಜ ಆರಾಧನೆಗೂ ಸ್ಪರ್ಧೆಗಾಗಿ ಮಕ್ಕಳು ಬರುತ್ತಾರೆ, ಅವರಲ್ಲಿ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ. ಆದರೆ ಸ್ಪರ್ಧೆಯ ಮಗು ತನ್ನ ಸರದಿ ಮುಗಿಸಿ ಅಪ್ಪ ಅಮ್ಮನ ಜೊತೆ ಹೊರಟುಬಿಡುವುದನ್ನೂ ನಾನು ಎಷ್ಟೋ ಕಡೆ ಕಂಡಿದ್ದೇನೆ. ಹಾಡುವುದನ್ನು ಕಲಿಸುತ್ತೇವೆ, ಪರೀಕ್ಷೆಗೆ ಪಾಠಾಂತರ ಮಾಡಿಸುತ್ತೇವೆ. ಕೂತು ಕೇಳುವುದನ್ನು ಕಲಿಸುವ ಹೊಣೆಯನ್ನು ಯಾವ ಪಠ್ಯಕ್ರಮವೂ ಹೊತ್ತುಕೊಂಡಿಲ್ಲ. ಹಿಂದೆ ಗುರುಗಳ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯನಿಗೆ ಅದು ತಾನಾಗಿ ಬರುತ್ತಿತ್ತು. ವಾರಕ್ಕೆ ಎರಡು ದಿನ, ಒಂದೊಂದು ಗಂಟೆಯ ಪಾಠಕ್ಕೆ ಬರುವ ಮಗುವಿಗೆ ಅದು ಎಲ್ಲಿಂದ ಬರಬೇಕು?

ಇಷ್ಟಾದರೂ ನನ್ನ ಮುಖ್ಯ ಚಿಂತೆ ಹದಿನೆಂಟರವರದಲ್ಲ. ಕಛೇರಿಗಳಲ್ಲಿ ನಿಜವಾಗಿ ಕಾಣದಿರುವವರು ಮೂವತ್ತರಿಂದ ನಲವತ್ತೈದರವರು. ಮುಂದಿನ ಸಲ ಯಾವುದಾದರೂ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ನೋಡಿ. ಅರವತ್ತು ದಾಟಿದವರು ಮುಂದೆ ಇರುತ್ತಾರೆ. ಗೋಡೆಯ ಬದಿಗೆ ಕಲಿಯುವ ಹುಡುಗ ಹುಡುಗಿಯರ ಒಂದು ಗುಂಪು ಇರುತ್ತದೆ, ಹಾಡುವವರ ಶಿಷ್ಯರೋ ಮೃದಂಗದವರ ಶಿಷ್ಯರೋ. ನಡುವಿನ ವಯಸ್ಸಿನವರು ಇರುವುದಿಲ್ಲ. ಅದರಲ್ಲೂ ಆ ವಯಸ್ಸಿನ ಹೆಂಗಸರು. ನಮ್ಮ ಸಂಗೀತ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು; ಸೀನಿಯರ್ ಮುಗಿಸಿ ವಿದ್ವತ್‌ವರೆಗೆ ಹೋಗುವವರೂ ಇದ್ದಾರೆ. ಮದುವೆ, ಮಗು, ನೌಕರಿ ಬಂದ ಮೇಲೆ ಅವರು ವೇದಿಕೆಯನ್ನಷ್ಟೇ ಬಿಡುವುದಿಲ್ಲ, ಕೇಳುವುದನ್ನೂ ಬಿಡಬೇಕಾಗುತ್ತದೆ. ಸಂಜೆ ಆರೂವರೆಯ ಕಛೇರಿ ಅವರಿಗೆ ಎಂಥ ಹೊತ್ತು ಎಂದು ಯೋಚಿಸಿ. ಬೆಂಗಳೂರಿನಲ್ಲಾದರೆ ಆ ಹೊತ್ತಿಗೆ ಕಚೇರಿಯಿಂದ ಹೊರಟು ಟ್ರಾಫಿಕ್ಕಿನಲ್ಲಿರುತ್ತಾರೆ. ಮನೆ ಮುಟ್ಟಿದರೆ ಮಗುವಿನ ಹೋಂವರ್ಕ್, ರಾತ್ರಿಯ ಅಡುಗೆ, ಅತ್ತೆ ಮಾವನ ಮಾತ್ರೆ. ಸಂಗೀತವನ್ನು ಅತಿ ಚೆನ್ನಾಗಿ ಬಲ್ಲ ಕಿವಿಗಳು ಆ ಹೊತ್ತಿನಲ್ಲಿ ಕುಕ್ಕರ್ ಕೂಗನ್ನು ಎಣಿಸುತ್ತಿರುತ್ತವೆ. ಇದು ನನಗೆ ತುಂಬ ನೋವು ಕೊಡುವ ಸಂಗತಿ.

ಅಮೆರಿಕದಲ್ಲಿ 2012ರಲ್ಲಿ, ಹೋಗುವ ಮನಸ್ಸಿದ್ದೂ ಕಲಾ ಕಾರ್ಯಕ್ರಮಕ್ಕೆ ಹೋಗಲಾಗದವರನ್ನು ಸಮೀಕ್ಷೆಯೊಂದರಲ್ಲಿ ಕಾರಣ ಕೇಳಿದರು. ಸಮಯವಿಲ್ಲ ಎಂದವರು ಶೇ 47. ಆರು ವರ್ಷದೊಳಗಿನ ಮಕ್ಕಳಿರುವವರಲ್ಲಿ ಅದು ಶೇ 60ರ ಹತ್ತಿರಕ್ಕೆ ಹೋಯಿತು. ದುಡ್ಡಿನ ಕಾರಣ ಅದಕ್ಕಿಂತ ಕೆಳಗಿತ್ತು. ಜೊತೆಗೆ ಬರುವವರು ಯಾರೂ ಇಲ್ಲ ಎಂದವರೂ ಐದರಲ್ಲೊಬ್ಬರು ಇದ್ದರು. ಆ ದೇಶದ ಬದುಕು ಬೇರೆ, ನಮ್ಮದು ಬೇರೆ. ಆದರೂ ಚಿಕ್ಕ ಮಗುವಿರುವ ಮನೆಯ ಸಂಜೆ ಎಲ್ಲ ಕಡೆಯೂ ಒಂದೇ ತರಹ. ನಮ್ಮ ಸಭಾಂಗಣಗಳಲ್ಲಿ ಮಗು ಒಂದು ಸಲ ಅತ್ತರೆ ಹತ್ತು ತಲೆಗಳು ತಿರುಗುತ್ತವೆ. ಆ ನೋಟ ಕಂಡ ತಾಯಿ ಮತ್ತೆ ಬರುವುದು ಮಗು ಹೈಸ್ಕೂಲು ಸೇರಿದ ಮೇಲೆಯೇ, ಬಂದರೆ.

ಹಳೆಯ ಕಾಲದಲ್ಲಿ ಇದು ಹೇಗೆ ನಡೆಯುತ್ತಿತ್ತು? ಧಾರವಾಡ ಜಿಲ್ಲೆಯ ಕುಂದಗೋಳ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. 1952ರಲ್ಲಿ ಅವರು ತೀರಿಕೊಂಡ ಮೇಲೆ ಅಲ್ಲಿನ ನಾಡಗೇರ ವಾಡೆಯಲ್ಲಿ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ನಡೆದುಕೊಂಡು ಬಂತು. ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಗುರುಗಳ ಹೆಸರಿನ ಉತ್ಸವ ಶುರುಮಾಡಿದರು, ಅದೂ ಬೆಳಗಿನವರೆಗೆ ನಡೆಯುತ್ತಿತ್ತು. ಕರಾವಳಿಯ ಯಕ್ಷಗಾನದ ಆಟ ಬೆಳಗಿನ ಜಾವದವರೆಗೆ. ಅಹೋರಾತ್ರಿ ಎಂದರೆ ನಮಗೆ ಈಗ ಸಾಹಸವೆನಿಸುತ್ತದೆ, ಆದರೆ ಅದರಲ್ಲಿ ದೊಡ್ಡ ಅನುಕೂಲವಿತ್ತು. ಹೊಲದ ಕೆಲಸ, ಹಾಲು ಕರೆಯುವುದು, ಊಟ ಎಲ್ಲ ಮುಗಿಸಿ ಮನೆಮಂದಿಯೆಲ್ಲ ಚಾಪೆ ಹಿಡಿದು ಬರುತ್ತಿದ್ದರು. ಮಕ್ಕಳು ಅಲ್ಲೇ ಮಲಗುತ್ತಿದ್ದರು. ನಡುರಾತ್ರಿ ಕತ್ತಲಲ್ಲಿ ವಾಪಸು ಹೋಗುವ ಚಿಂತೆಯಿಲ್ಲ, ಬೆಳಿಗ್ಗೆ ಮೊದಲ ಬಸ್ಸು ಇರುತ್ತಿತ್ತು. ಮುದುಕರಿಗೂ ಬಸುರಿ ಬಾಣಂತಿಯರಿಗೂ ಅಲ್ಲಿ ಜಾಗವಿತ್ತು.

2000ದ ಶಬ್ದಮಾಲಿನ್ಯ ನಿಯಮಗಳು, ಅವುಗಳ ಮೇಲೆ 2005ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಬಂದ ಮೇಲೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಂತಿತು. ನಿದ್ದೆ ಬೇಕಾದವರಿಗೆ, ರೋಗಿಗಳಿಗೆ ಅದು ನ್ಯಾಯ. ಅದರ ವಿರುದ್ಧ ನಾನು ಮಾತಾಡುತ್ತಿಲ್ಲ. ಪುಣೆಯ ಉತ್ಸವ ಮಧ್ಯಾಹ್ನ, ಸಂಜೆಗಳಿಗೆ ಸರಿಯಿತು. ಯಕ್ಷಗಾನದ ಬಹಳಷ್ಟು ಆಟಗಳು ಕಾಲಮಿತಿಗೆ ಬಂದವು. ಕಾಲಮಿತಿಯಿಂದ ಪ್ರಸಂಗ ಕುಗ್ಗಿತು, ಭಾಗವತಿಕೆಯ ನಿಧಾನ ಹೋಯಿತು ಎಂದು ಹಳಬರು ಮರುಗುತ್ತಾರೆ. ಆ ಮರುಕದಲ್ಲಿ ಹುರುಳಿದೆ. ಆದರೆ ಮರುದಿನ ಆಫೀಸು, ಕಾಲೇಜು ಇರುವವರು ಸಂಜೆ ಬಂದು ಮಂಗಳದವರೆಗೆ ಕೂತು ಹೋಗುವುದು ಇದರಿಂದ ಸಾಧ್ಯವಾಯಿತು. ದೂರದ ಹಳ್ಳಿಯವರು ಕೊನೆಯ ಬಸ್ಸಿಗಾಗಿ ಅರ್ಧಕ್ಕೇ ಏಳಬೇಕಾಗಿ ಬಂದದ್ದು ಇದರ ಇನ್ನೊಂದು ಮುಖ. ಗಡಿಯಾರದ ಮುಳ್ಳು ಕೆಲವು ಗಂಟೆ ಹಿಂದಕ್ಕೆ ಸರಿದದ್ದಕ್ಕೇ ಎದುರಿಗೆ ಕೂತವರು ಬದಲಾದರು. ಯಾರ ಅಭಿರುಚಿಯೂ ಬದಲಾಗಿರಲಿಲ್ಲ.

ಮೈಸೂರು ದಸರಾದ ಬಗ್ಗೆ ಒಂದು ಮಾತನ್ನು ಇಲ್ಲಿ ಆಡಲೇಬೇಕು. ಈಗ ದಸರೆಯೊಳಗೆ ಮಕ್ಕಳ ದಸರಾ, ಮಹಿಳಾ ದಸರಾ, ರೈತ ದಸರಾ, ಯುವ ದಸರಾ ಎಂದು ಬೇರೆ ಬೇರೆ ವೇದಿಕೆಗಳಿವೆ. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ. ಸಿನಿಮಾ ಗಾಯಕರು ಯುವ ದಸರಾಕ್ಕೆ, ಶಾಸ್ತ್ರೀಯ ಕಲಾವಿದರು ಹೆಚ್ಚಾಗಿ ಅರಮನೆಯ ಮುಂದಿನ ವೇದಿಕೆಗೆ. ಕಾಲೇಜು ಹುಡುಗರಿಗೆ ಅವರದೇ ವೇದಿಕೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಒಂದು ಕಾರ್ಯಕ್ರಮಕ್ಕೆ ಯುವ ಎಂದು ಹೆಸರಿಟ್ಟ ಕ್ಷಣ ಉಳಿದದ್ದು ನಿಮ್ಮದಲ್ಲ ಎಂದು ಯುವಕರಿಗೂ, ಇದು ನಿಮಗಲ್ಲ ಎಂದು ಹಿರಿಯರಿಗೂ ಹೇಳಿದಂತಾಗುತ್ತದೆ. ಅರಮನೆಯ ಎದುರಿನ ಸಂಜೆಗಳಲ್ಲಿ ಇನ್ನೂ ಎಲ್ಲ ವಯಸ್ಸಿನವರು ಸಿಗುತ್ತಾರೆ. ದೀಪಾಲಂಕಾರ ನೋಡಲು ಬಂದ ಸಂಸಾರ, ಐಸ್‌ಕ್ರೀಮ್ ಹಿಡಿದ ಮಗು, ನಂಜನಗೂಡಿನಿಂದಲೋ ಮಂಡ್ಯದಿಂದಲೋ ಬಂದ ಅಜ್ಜಿ ಎಲ್ಲರೂ ಒಂದು ಗಳಿಗೆ ಕೂತು ಕೊಳಲೋ ಸಿತಾರೋ ಕೇಳುತ್ತಾರೆ. ಕೆಲವರು ದೀಪ ಮರೆತು ಕೊನೆಯವರೆಗೆ ಉಳಿಯುತ್ತಾರೆ. ಆ ಕೆಲವರ ಮೇಲೆ ನನಗೆ ಅಪಾರ ಭರವಸೆ.

ಯುವಕರು ಶಾಸ್ತ್ರೀಯ ಸಂಗೀತಕ್ಕೆ ಕೂರುವುದಿಲ್ಲ ಎನ್ನುವವರು ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಉತ್ಸವಕ್ಕೆ ಒಮ್ಮೆ ಹೋಗಿ ಬರಬೇಕು. ಮೋಹನ ಆಳ್ವರ ಶಿಕ್ಷಣ ಸಂಸ್ಥೆಯ ಸಾವಿರಾರು ವಿದ್ಯಾರ್ಥಿಗಳು ಬಯಲಿನಲ್ಲಿ ಸಾಲಾಗಿ ಕೂತು ಕೇಳುತ್ತಾರೆ. ಹಾಸ್ಟೆಲಿನ ಮಕ್ಕಳು, ಕೂರಿಸಿದ್ದಾರೆ, ಕೂತಿದ್ದಾರೆ ಎಂದು ಕೆಲವರು ಹೇಳುವುದುಂಟು. ಇರಬಹುದು. ಆದರೆ ನಮ್ಮಲ್ಲಿ ಯಾರು ತಾನೇ ಮೊದಲ ಸಲ ಸ್ವಂತ ಇಚ್ಛೆಯಿಂದ ಕಛೇರಿಗೆ ಹೋದವರು? ಅಜ್ಜನೋ ಅತ್ತೆಯೋ ಕೈ ಹಿಡಿದು ಎಳೆದೊಯ್ದಿರುತ್ತಾರೆ. ಆ ಕೈ ಈಗ ಎಷ್ಟೋ ಮನೆಗಳಲ್ಲಿ ಇಲ್ಲ, ಅದರ ಕೆಲಸವನ್ನು ಕಾಲೇಜು ಮಾಡುತ್ತಿದೆ. 1977ರಲ್ಲಿ ದೆಹಲಿ ಐಐಟಿಯ ಪ್ರಾಧ್ಯಾಪಕ ಕಿರಣ್ ಸೇಠ್ ಶುರುಮಾಡಿದ ಸ್ಪಿಕ್‌ಮೆಕೆ ಸಂಸ್ಥೆ ನಂಬಿದ್ದು ಇದನ್ನೇ: ವಿದ್ಯಾರ್ಥಿ ಸಭಾಂಗಣಕ್ಕೆ ಬರಲಿ ಎಂದು ಕಾಯದೆ ಕಲಾವಿದರನ್ನೇ ವಿದ್ಯಾರ್ಥಿ ಇರುವಲ್ಲಿಗೆ ಕರೆದೊಯ್ಯುವುದು. ಅದರ ವಾರ್ಷಿಕ ಅಧಿವೇಶನಗಳಲ್ಲಿ ಇಡೀ ರಾತ್ರಿಯ ಕಛೇರಿ ಇರುತ್ತದೆ, ಇಪ್ಪತ್ತರ ಹುಡುಗರು ಬೆಳಗಿನ ಭೈರವದವರೆಗೆ ಎದ್ದಿರುತ್ತಾರೆ. ಹಾಸ್ಟೆಲು ಪಕ್ಕದಲ್ಲೇ ಇದೆ, ಜೊತೆಗೆ ಗೆಳೆಯರಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ, ಬಸ್ಸಿನ ಚಿಂತೆಯಿಲ್ಲ. ಕುಂದಗೋಳದ ವಾಡೆಯಲ್ಲಿದ್ದ ಅನುಕೂಲಗಳೇ ಇವು.

ಈ ಸಭೆಯಲ್ಲಿ ಹಲವು ಸಂಗೀತ ಸಂಘಗಳ ಪದಾಧಿಕಾರಿಗಳಿದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆಗಳು ಸಣ್ಣವು. ವರ್ಷದ ಕಛೇರಿಗಳಲ್ಲಿ ಕೆಲವನ್ನಾದರೂ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಇಡಿ. ಆ ಹೊತ್ತಿಗೆ ಮೂವತ್ತೈದರ ಗೃಹಿಣಿಯೂ ಬರಬಲ್ಲಳು, ಎಂಬತ್ತರ ಹಿರಿಯರೂ ಕತ್ತಲಾಗುವ ಅಂಜಿಕೆಯಿಲ್ಲದೆ ಬರಬಲ್ಲರು. ಸಭಾಂಗಣದ ಹಿಂಭಾಗದಲ್ಲಿ ನಾಲ್ಕು ಸಾಲು ಕುರ್ಚಿ ತೆಗೆದು ಜಮಖಾನ ಹಾಸಿ, ಮಕ್ಕಳೊಂದಿಗೆ ಬಂದವರಿಗೆ ಅದು ಮೀಸಲು ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ. ತನಿ ಆವರ್ತನಕ್ಕೆ ಎದ್ದು ಹೋಗುವ ದೊಡ್ಡವರನ್ನು ನಾವು ಸಹಿಸಿಕೊಂಡಿದ್ದೇವೆ, ಅಳುವ ಮಗುವನ್ನೂ ಸಹಿಸಿಕೊಳ್ಳಬಲ್ಲೆವು. ಜ್ಯೂನಿಯರ್ ಪರೀಕ್ಷೆಗೆ ಕೂರುವ ಮಗುವಿಗೆ ಅದರ ಗುರುಗಳ ಮೂಲಕ ಒಂದು ಉಚಿತ ಪಾಸು ಕಳಿಸಿ, ಅದರ ಜೊತೆ ಬರುವ ಒಬ್ಬ ದೊಡ್ಡವರಿಗೆ ಇನ್ನೊಂದು. ಪಾಸು ಎರಡಾಗಿರುವುದು ಮುಖ್ಯ, ಏಕೆಂದರೆ ಹತ್ತು ವರ್ಷದ ಮಗು ತಾನಾಗಿ ಬರಲಾರದು, ಕರೆತರುವ ತಾಯಿಗೆ ಮನೆಯಿಂದ ಹೊರಡಲು ಒಂದು ಕಾರಣ ಬೇಕು.

ಮತ್ತು ಲೆಕ್ಕ ಇಡಿ. ಬಾಗಿಲಲ್ಲಿ ಕುಂಕುಮ, ಕಲ್ಲುಸಕ್ಕರೆ ಕೊಡುವ ಸ್ವಯಂಸೇವಕರ ಕೈಗೆ ಒಂದು ಹಾಳೆ ಕೊಟ್ಟು, ಇಪ್ಪತ್ತೈದರ ಕೆಳಗಿನವರು, ನಲವತ್ತೈದರವರೆಗಿನವರು, ಅದಕ್ಕೂ ಮೇಲಿನವರು ಎಂದು ಮೂರು ಸಾಲಿನಲ್ಲಿ ಗೀಟು ಎಳೆಯಲು ಹೇಳಿ. ವಯಸ್ಸು ಕೇಳುವುದೇನೂ ಬೇಡ, ಕಣ್ಣಂದಾಜು ಸಾಕು. ಒಂದು ವರ್ಷ ಹೀಗೆ ಮಾಡಿದರೆ ಸಂಜೆಯ ಕಛೇರಿಗೆ ಯಾರು ಬಂದರು, ಬೆಳಗಿನದಕ್ಕೆ ಯಾರು ಬಂದರು, ಬೀದಿಯ ಗಣಪತಿಯ ಮುಂದೆ ಯಾರು ಕೂತರು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿಯನ್ನು ಆ ಹಾಳೆಗಳನ್ನು ಮುಂದಿಟ್ಟುಕೊಂಡು ಮಾಡಿ.